ಬಸ್ಸು ಬಾರದ ಊರಿಗೆ ಬಾಗಿಲ ತನಕ ಬರುವ ಬಂಡಿ



ಕಥೆ, ಕವನ, ಪುಸ್ತಕ ಪರಿಚಯಗಳ ನಡುವೆ ಮಿನಿಬಸ್ಸಿನ ಮೇಲೊಂದು ಲೇಖನವೇ ಎಂದು ಹುಬ್ಬೇರಿಸಬೇಡಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಒಂಟಿಮನೆ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಿಂದ ಮನೆಗೆ ನಡುವೆ ಕಾಡು, ಗುಡ್ಡ, ಹಳ್ಳ. ಗುತ್ತಿ ತನ್ನ ನಾಯಿ ಹುಲಿಯನನ್ನು ಜೊತೆಗೆ ಕರೆದುಕೊಂಡು ನಡೆದೇ ನಡೆಯುತ್ತಾನೆ. ಕಾಲಲ್ಲಿ ಕಸುವಿರುವ ತನಕ ಅದೊಂದು ದೂರವೇ ಅಲ್ಲ. ಆದರೆ ಕಸುವು ಉಡುಗಿದ ಮೇಲೆ ಏನು ಗತಿ? ಈ ಪ್ರಶ್ನೆಯನ್ನು ನಾವು ನೆಲೆಸಿರುವ ಬ್ರಿಟನ್ನಿನ ಹಳ್ಳಿಗಾಡಿಗೆ ಕೇಳಿದಾಗ ಸಿಕ್ಕ ಉತ್ತರಗಳನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಇಂಗ್ಲೆಂಡಿನ ಹಳ್ಳಿ ಎಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಕ್ಯಾಲೆಂಡರಿನ ಚಿತ್ರ. ಹುಲ್ಲು ಹೊದಿಸಿದ ಮನೆ, ಗುಲಾಬಿ ಬಳ್ಳಿ, ಕಲ್ಲುಗೋಡೆಯಾಚೆ ಮೇಯುವ ಕುರಿಗಳು. ಊರಿನಿಂದ ಅಪ್ಪ ಅಮ್ಮ ಬಂದಾಗ ಭಾನುವಾರ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಫೋಟೋ ತೆಗೆದು, ಚಹಾ ಕುಡಿದು ಸಂಜೆಗೆ ಮನೆ ಸೇರುತ್ತೇವೆ. ಅಷ್ಟು ಹೊತ್ತಿನಲ್ಲಿ ಅಲ್ಲಿ ಒಂದೇ ಒಂದು ಬಸ್ಸು ಓಡಾಡಲಿಲ್ಲ ಎಂಬುದು ನಮ್ಮ ಗಮನಕ್ಕೆ ಬಂದಿರುವುದಿಲ್ಲ. ಅದೇ ಹುಲ್ಲುಮನೆಯೊಳಗೆ ಎಂಬತ್ತು ದಾಟಿದ, ಕಣ್ಣು ಮಂಜಾಗಿ ಕಾರು ಓಡಿಸುವುದನ್ನು ನಿಲ್ಲಿಸಿದ ಅಜ್ಜಿಯೊಬ್ಬರಿದ್ದರೆ ಅವರು ಔಷಧಿ ಅಂಗಡಿಗೆ ಹೋಗುವುದು ಹೇಗೆ?

ನಮ್ಮದು ಸಾಫ್ಟ್‌ವೇರ್ ಕಸುಬು. ಕೆಲವು ವರ್ಷಗಳಿಂದ, ಕಚೇರಿ ಕೆಲಸವನ್ನು ಹೇಗೋ ಹೊಂದಿಸಿಕೊಂಡು, ವಾರಕ್ಕೊಂದು ಬೆಳಗ್ಗೆ ನಾವಿರುವ ಪುಟ್ಟ ಪೇಟೆಯ ಸಮುದಾಯ ಸಾರಿಗೆ ಸಂಸ್ಥೆಯಲ್ಲಿ ಸ್ವಯಂಸೇವಕರಾಗಿ ಕೂರುತ್ತೇವೆ. ಫೋನ್ ಎತ್ತುವುದು, ಮುಂದಿನ ವಾರದ ಪ್ರಯಾಣಗಳ ಪಟ್ಟಿ ಮಾಡುವುದು, ಡ್ರೈವರುಗಳಿಗೆ ಹಾಳೆ ಮುದ್ರಿಸಿ ಕೊಡುವುದು ನಮ್ಮ ಕೆಲಸ. ಫೋನಿನ ಆ ಕಡೆಯಿಂದ 'ಎಷ್ಟು ಹೊತ್ತಿಗೆ ಬರುತ್ತೀರಿ' ಎಂದು ಕೇಳುವವರಿಗಿಂತ 'ವಾಪಸು ಮನೆಗೆ ಬಿಡುತ್ತೀರಿ ತಾನೇ' ಎಂದು ಕೇಳುವವರೇ ಹೆಚ್ಚು. ಒಂಟಿಯಾಗಿರುವ ಹಿರಿಯರು ಮನೆ ಬಿಟ್ಟು ಹೊರಡದಿರುವುದಕ್ಕೆ ಹೋಗಲು ಗಾಡಿಯಿಲ್ಲ ಎಂಬುದು ಅರ್ಧ ಕಾರಣ. ಹಿಂದಿರುಗುವ ಖಾತ್ರಿಯಿಲ್ಲ ಎಂಬುದು ಉಳಿದರ್ಧ. ಹಳ್ಳಿಗೆ ಸಾರಿಗೆ ಕಟ್ಟುವುದೆಂದರೆ ಈ ಖಾತ್ರಿಯನ್ನು ಕಟ್ಟುವುದು. ಗಾಡಿ, ಕಾನೂನು, ಕಂಪ್ಯೂಟರು, ಹಣ ಎಲ್ಲವನ್ನೂ ಈ ಒಂದು ಅಳತೆಗೋಲಿನಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಬಸ್ಸು ಏಕೆ ಬರುವುದಿಲ್ಲ?

ಮೊದಲು ಸ್ವಲ್ಪ ಇತಿಹಾಸ. 1985ರ ಸಾರಿಗೆ ಕಾಯ್ದೆಯ ಪ್ರಕಾರ 1986ರ ಅಕ್ಟೋಬರ್ 26ರಂದು, ಲಂಡನ್ ಒಂದನ್ನು ಬಿಟ್ಟು ಗ್ರೇಟ್ ಬ್ರಿಟನ್ನಿನ ಉಳಿದೆಲ್ಲ ಕಡೆ ಬಸ್ ಸೇವೆಯ ಮೇಲಿನ ನಿಯಂತ್ರಣವನ್ನು ಸಡಿಲಿಸಲಾಯಿತು. ಯಾವ ದಾರಿಯಲ್ಲಿ, ಯಾವ ಹೊತ್ತಿಗೆ, ಯಾವ ದರಕ್ಕೆ ಬಸ್ಸು ಓಡಬೇಕೆಂಬುದನ್ನು ಬಹುಮಟ್ಟಿಗೆ ಬಸ್ ಕಂಪನಿಗಳೇ ನಿರ್ಧರಿಸತೊಡಗಿದವು. ಲಾಭವಿಲ್ಲದ, ಆದರೆ ಜನರಿಗೆ ಬೇಕೇ ಬೇಕಾದ ದಾರಿಗಳಿಗೆ ಸ್ಥಳೀಯ ಕೌನ್ಸಿಲ್ ಟೆಂಡರ್ ಕರೆದು ಹಣ ಕೊಡಬಹುದು ಎಂಬ ವ್ಯವಸ್ಥೆಯಾಯಿತು. ಪೇಟೆಯ ನಡುವಿನ ದಾರಿಗಳಿಗೆ ಕಂಪನಿಗಳು ಮುಂದೆ ಬಂದವು. ಹಳ್ಳಿಗಳ ದಾರಿ ಕೌನ್ಸಿಲ್ಲಿನ ಪಾಲಿಗೆ ಉಳಿಯಿತು. 2010ರ ನಂತರ ಕೌನ್ಸಿಲ್ಲುಗಳ ಬೊಕ್ಕಸ ಬರಿದಾಗುತ್ತಾ ಬಂದಾಗ ಮೊದಲು ಕತ್ತರಿ ಬಿದ್ದ ಖರ್ಚುಗಳಲ್ಲಿ ಇದೂ ಒಂದು.

ಇದರ ಜೊತೆಗೊಂದು ವಿಷವರ್ತುಲ. ಬಸ್ಸು ಕಡಿಮೆಯಾದಂತೆ ಶಕ್ತರು ಕಾರು ಕೊಳ್ಳುತ್ತಾರೆ. ಅವರು ಕಾರು ಕೊಂಡಂತೆ ಬಸ್ಸಿಗೆ ಜನ ಕಡಿಮೆ. ಜನ ಕಡಿಮೆಯಾದಂತೆ ಬಸ್ಸು ಇನ್ನೂ ಕಡಿಮೆ. ಕೊನೆಗೆ ದಿನಕ್ಕೆ ಆರು ಬಾರಿ ಬರುತ್ತಿದ್ದ ಬಸ್ಸು ವಾರಕ್ಕೊಮ್ಮೆ, ಸಂತೆಯ ದಿನ ಮಾತ್ರ ಬರುತ್ತದೆ. ಆಮೇಲೆ ಅದೂ ಇಲ್ಲ. ಉಳಿಯುವವರು ಕಾರು ಓಡಿಸಲಾಗದವರು: ವಯಸ್ಸಾದವರು, ಅಂಗವಿಕಲರು, ಹದಿಹರೆಯದವರು, ಮನೆಯಲ್ಲಿ ಒಂದೇ ಕಾರಿದ್ದು ಅದನ್ನು ಗಂಡ ಕೆಲಸಕ್ಕೆ ಒಯ್ದಿರುವ ಗೃಹಿಣಿಯರು.

ಇಂಗ್ಲೆಂಡಿನಲ್ಲಿ 2008ರ ಏಪ್ರಿಲ್‌ನಿಂದ ಹಿರಿಯರಿಗೂ ಅಂಗವಿಕಲರಿಗೂ ದಟ್ಟಣೆಯಿಲ್ಲದ ಹೊತ್ತಿನಲ್ಲಿ ದೇಶದ ಯಾವುದೇ ಸ್ಥಳೀಯ ಬಸ್ಸಿನಲ್ಲಿ ಉಚಿತ ಪ್ರಯಾಣದ ಪಾಸು ಉಂಟು. ಬಹಳ ಒಳ್ಳೆಯ ಯೋಜನೆಯೇ. ಆದರೆ ಬಸ್ಸೇ ಬಾರದ ಊರಿನಲ್ಲಿ ಆ ಪಾಸು ಕೈಚೀಲದಲ್ಲಿ ಕೂತಿರುತ್ತದೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ 'ಶಕ್ತಿ' ಯೋಜನೆಯ ಬಗ್ಗೆಯೂ ಮಲೆನಾಡು, ಕರಾವಳಿಯ ನೆಂಟರು ನಮಗೆ ಹೇಳಿದ್ದು ಇದನ್ನೇ. ಮಹಿಳೆಯರಿಗೆ ಉಚಿತವಾದದ್ದು ಸರ್ಕಾರಿ ಬಸ್ಸು. ಖಾಸಗಿ ಬಸ್ಸು ಮಾತ್ರ ಬರುವ ಊರಿನವರು ಟಿಕೆಟ್ ಕೊಳ್ಳಲೇಬೇಕು. ದರ ಇಳಿಸುವುದು ಒಂದು ಕೆಲಸ, ಗಾಡಿ ತಲುಪಿಸುವುದು ಇನ್ನೊಂದು ಕೆಲಸ.

ಅಡುಗೆಮನೆಯಿಂದ ಆಸ್ಪತ್ರೆಯವರೆಗೆ

ಎಲ್ಲರೂ ಬಳಸಬಹುದಾದ ಸಾರಿಗೆ ಎಂದರೆ ವೀಲ್‌ಚೇರ್ ಹತ್ತುವ ಬಸ್ಸು ಎಂದು ನಾವು ತಿಳಿಯುತ್ತೇವೆ. ಸಾಫ್ಟ್‌ವೇರಿನವರಾದ ನಮಗೆ ಅದು ಸರಪಳಿಯಂತೆ ಕಾಣುತ್ತದೆ. ಒಬ್ಬ ಅಜ್ಜಿ ಇದ್ದಾರೆ ಎಂದಿಟ್ಟುಕೊಳ್ಳಿ. ಬೆಳಗ್ಗೆ 10 ಗಂಟೆ 40 ನಿಮಿಷಕ್ಕೆ ಹದಿನಾಲ್ಕು ಮೈಲಿ ದೂರದ ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷೆ. ಅವರು ಅಡುಗೆಮನೆಯಿಂದ ಹೊರಟು ಬಾಗಿಲಿಗೆ ಬೀಗ ಹಾಕಬೇಕು. ಎರಡು ಮೆಟ್ಟಿಲು ಇಳಿಯಬೇಕು. ಕಾಲುದಾರಿಯೇ ಇಲ್ಲದ ಓಣಿಯಲ್ಲಿ ವಾಕರ್ ತಳ್ಳಿಕೊಂಡು ಅರ್ಧ ಮೈಲಿ ನಡೆದು, ಮಳೆಗೆ ಮಾಡಿಲ್ಲದ ನಿಲ್ದಾಣದಲ್ಲಿ ನಿಲ್ಲಬೇಕು. ಬಸ್ಸು ಹತ್ತಬೇಕು, ಇಳಿಯಬೇಕು, ಆಸ್ಪತ್ರೆಯ ಉದ್ದನೆಯ ಪಡಸಾಲೆ ದಾಟಬೇಕು. ಕಣ್ಣಿಗೆ ಹನಿ ಹಾಕಿದ ಮೇಲೆ ದೃಷ್ಟಿ ಇನ್ನಷ್ಟು ಮಂಜಾಗಿರುವಾಗ ಇದಿಷ್ಟನ್ನೂ ಹಿಂದುಮುಂದಾಗಿ ಮತ್ತೆ ಮಾಡಬೇಕು. ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಸಾಕು, ಮಿಕ್ಕದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ.

ಕಾನೂನು ಇದರಲ್ಲಿ ನಡುವಿನ ಕೊಂಡಿಯನ್ನು ಗಟ್ಟಿ ಮಾಡಿದೆ. 2000ನೇ ಇಸವಿಯ ಬಸ್ ನಿಯಮಗಳು, 22ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಸ್ಥಳೀಯ ಬಸ್ಸುಗಳಲ್ಲಿ ವೀಲ್‌ಚೇರಿಗೆ ಜಾಗ, ಏರಲು ಇಳಿಜಾರು ಹಲಗೆ ಅಥವಾ ಲಿಫ್ಟ್, ಎದ್ದು ಕಾಣುವ ಬಣ್ಣದ ಹಿಡಿಕೆಗಳು ಇರಬೇಕೆಂದು ವಿಧಿಸಿದವು. 700 ಮಿಲಿಮೀಟರ್ ಅಗಲ, 1200 ಮಿಲಿಮೀಟರ್ ಉದ್ದದ ವೀಲ್‌ಚೇರ್ ಒಂದನ್ನು ಅಳತೆಯಾಗಿ ಇಟ್ಟುಕೊಂಡರು. ಒಂದಂತಸ್ತಿನ ಬಸ್ಸುಗಳಿಗೆ 2016ರ, ಎರಡಂತಸ್ತಿನವುಗಳಿಗೆ 2017ರ ಆರಂಭವೇ ಗಡುವಾಗಿತ್ತು. ಇದರಿಂದ ಬಹಳ ಉಪಕಾರವಾಗಿದೆ. ಆದರೆ ಹಳ್ಳಿಗಾಡಿನ ಹದಿನಾರು ಸೀಟಿನ ಮಿನಿಬಸ್ಸು ಈ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಲಿಫ್ಟ್ ಇದ್ದರೆ ಅದು ಯಾರೋ ಇರಲಿ ಎಂದು ತೀರ್ಮಾನಿಸಿದ್ದರಿಂದ ಇದೆ.

ನಮ್ಮ ಸಂಸ್ಥೆಯಂಥವರು ಬಳಸುವ ಮಿನಿಬಸ್ಸಿನ ನೆಲದುದ್ದಕ್ಕೂ ಲೋಹದ ಹಳಿಗಳಿರುತ್ತವೆ. ಸೀಟುಗಳನ್ನು ಆ ಹಳಿಗಳಿಂದ ಬಿಡಿಸಿ ತೆಗೆಯಬಹುದು. ಇಂದು ಹನ್ನೆರಡು ಜನ ಕೂತು ಬರುವವರು, ನಾಳೆ ವೀಲ್‌ಚೇರಿನಲ್ಲೇ ಕೂತು ಪ್ರಯಾಣಿಸುವ ಮೂವರು ಇದ್ದರೆ ಹಿಂದಿನ ಸಂಜೆ ಸೀಟು ತೆಗೆದು ಜಾಗ ಮಾಡುತ್ತಾರೆ. ವೀಲ್‌ಚೇರನ್ನು ಎರಡು ಪಟ್ಟಿ ಮುಂದೆ, ಎರಡು ಪಟ್ಟಿ ಹಿಂದೆ ಬಿಗಿದು ನೆಲಕ್ಕೆ ಕಟ್ಟಬೇಕು. ಅದರಲ್ಲಿ ಕೂತವರಿಗೆ ಬೇರೆಯೇ ಬೆಲ್ಟ್ ಹಾಕಬೇಕು. ಕುರ್ಚಿ ಕಟ್ಟಿದರೆ ಮನುಷ್ಯನನ್ನು ಕಟ್ಟಿದಂತಾಗಲಿಲ್ಲ ಎಂಬುದು ಹೊಸ ಸ್ವಯಂಸೇವಕರಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಇಷ್ಟು ಮಾಡಿದರೂ ಸರಪಳಿಯ ಎರಡು ತುದಿ ಉಳಿಯುತ್ತವೆ: ಅಜ್ಜಿಯ ಬಾಗಿಲು, ಆಸ್ಪತ್ರೆಯ ಬಾಗಿಲು. ಅಲ್ಲಿ ಯಂತ್ರವಿಲ್ಲ. ಡ್ರೈವರು ಇಳಿದು ಹೋಗಿ, ಬಾಗಿಲು ತಟ್ಟಿ, ತೋಳು ಕೊಡಬೇಕು.

ಕಾನೂನು ತೆರೆದ ಎರಡು ಬಾಗಿಲು

ಬಸ್ಸುಗಳನ್ನು ಮಾರುಕಟ್ಟೆಗೆ ಬಿಟ್ಟ ಅದೇ 1985ರ ಕಾಯ್ದೆ ಸಮುದಾಯ ಸಾರಿಗೆಗೂ ದಾರಿ ಮಾಡಿಕೊಟ್ಟಿತು ಎಂಬುದು ಸ್ವಾರಸ್ಯದ ಸಂಗತಿ. ಲಾಭಕ್ಕಾಗಿ ನಡೆಯದ ಸಂಸ್ಥೆಗಳು, ಪೂರ್ಣ ವಾಣಿಜ್ಯ ಪರವಾನಗಿಯಿಲ್ಲದೆ, ಹಣ ಪಡೆದು ಪ್ರಯಾಣಿಕರನ್ನು ಒಯ್ಯಲು ಅದರಲ್ಲಿ ಎರಡು ಬಗೆಯ ಅನುಮತಿಗಳಿವೆ.

ಒಂದು, 19ನೇ ಕಲಮಿನ ಅನುಮತಿ. ಇದರಲ್ಲಿ ಸಂಸ್ಥೆಯ ಸದಸ್ಯರನ್ನೋ, ಅದು ಸೇವೆ ಸಲ್ಲಿಸುವ ಹಿರಿಯರು, ಅಂಗವಿಕಲರು ಮುಂತಾದ ಗುಂಪಿನವರನ್ನೋ ಒಯ್ಯಬಹುದು. ದಾರಿಯಲ್ಲಿ ಕೈ ತೋರಿಸಿದ ಯಾರನ್ನೋ ಹತ್ತಿಸಿಕೊಳ್ಳುವಂತಿಲ್ಲ. ಫೋನ್ ಮಾಡಿ ಬುಕ್ ಮಾಡಿದವರ ಮನೆ ಬಾಗಿಲಿಗೆ ಹೋಗುವ 'ಡಯಲ್ ಎ ರೈಡ್' ಸೇವೆಗಳು ಹೆಚ್ಚಾಗಿ ಈ ಬಗೆಯವು.

ಇನ್ನೊಂದು, 22ನೇ ಕಲಮಿನ ಅನುಮತಿ. ಇದು ಸಮುದಾಯ ಬಸ್ಸು. ದಾರಿ ಮತ್ತು ವೇಳೆಯನ್ನು ನೋಂದಾಯಿಸಿ, ಯಾರು ಬೇಕಾದರೂ ಹತ್ತಬಹುದಾದ ಬಸ್ಸನ್ನು ಹಳ್ಳಿಯವರೇ ಓಡಿಸಬಹುದು. ಮೊದಲು ಇದರ ಡ್ರೈವರು ಸಂಬಳವಿಲ್ಲದ ಸ್ವಯಂಸೇವಕನೇ ಆಗಿರಬೇಕಿತ್ತು. 2008ರ ಸ್ಥಳೀಯ ಸಾರಿಗೆ ಕಾಯ್ದೆ ಸಂಬಳದ ಡ್ರೈವರಿಗೂ ಅವಕಾಶ ಕೊಟ್ಟಿತು. ಯಾರ್ಕ್‌ಷೈರ್ ಡೇಲ್ಸ್ ಕಣಿವೆಗಳಿಗೆ ಪ್ರವಾಸ ಹೋದವರು ಹಾಸ್ ಊರಿನ ಸುತ್ತಮುತ್ತ ಓಡಾಡುವ 'ಲಿಟಲ್ ವೈಟ್ ಬಸ್' ನೋಡಿರಬಹುದು. ಅದನ್ನು ನಡೆಸುವುದು ಅಲ್ಲಿನ ಸಮುದಾಯದ ಸಂಸ್ಥೆಯೇ.

ಪ್ರಯಾಣಿಕರಿಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದು ಪಾಸು ತೋರಿಸಿದಾಗ. 22ರ ಬಸ್ಸಿನಲ್ಲಿ ಹಿರಿಯರ ಉಚಿತ ಪಾಸು ನಡೆಯುತ್ತದೆ. 19ರ ಸೇವೆಯಲ್ಲಿ ಅದು ಆಯಾ ಕೌನ್ಸಿಲ್ಲಿನ ಮರ್ಜಿಗೆ ಬಿಟ್ಟದ್ದು. ನಡೆಯಬಲ್ಲವರಿಗೆ ಬಸ್ಸು ಉಚಿತ, ನಿಲ್ದಾಣದ ತನಕ ನಡೆಯಲಾಗದೆ ಮನೆ ಬಾಗಿಲಿಗೆ ಗಾಡಿ ಕರೆಸಿಕೊಳ್ಳುವವರು ಅನೇಕ ಕಡೆ ದುಡ್ಡು ಕೊಡಬೇಕು! ನಮ್ಮ ಫೋನಿನಲ್ಲಿ ಇದನ್ನು ವಿವರಿಸಿ ಹೇಳುವುದು ಪ್ರತಿ ಸಲವೂ ಮುಜುಗರದ ಕೆಲಸ.

ಡ್ರೈವರನ್ನು ಹುಡುಕಿಕೊಂಡು

ಈಗ ನಮ್ಮಂಥ ವಲಸಿಗರಿಗೆ ನೇರವಾಗಿ ತಟ್ಟುವ ವಿಷಯಕ್ಕೆ ಬರೋಣ. ಬ್ರಿಟನ್ನಿನಲ್ಲಿ 1997ರ ಜನವರಿ 1ಕ್ಕೆ ಮೊದಲು ಕಾರಿನ ಪರೀಕ್ಷೆ ಪಾಸಾದವರಿಗೆ ಅದರ ಜೊತೆಯಲ್ಲೇ 'ಡಿ1' ಎಂಬ ಅರ್ಹತೆ ಸಿಗುತ್ತಿತ್ತು. ಅಂದರೆ ಹದಿನಾರು ಪ್ರಯಾಣಿಕರ ಮಿನಿಬಸ್ಸನ್ನು, ಬಾಡಿಗೆಯ ಉದ್ದೇಶವಿಲ್ಲದೆ, ಬೇರೆ ಪರೀಕ್ಷೆಯಿಲ್ಲದೆ ಓಡಿಸಬಹುದು. ಆ ದಿನದ ನಂತರ ಪಾಸಾದವರಿಗೆ ಇದು ತಾನಾಗಿ ಸಿಗುವುದಿಲ್ಲ. ಪರೀಕ್ಷೆಗೆ ಕನಿಷ್ಠ ವಯಸ್ಸು ಸಾಮಾನ್ಯವಾಗಿ 17 ಆದ್ದರಿಂದ, ತಾನಾಗಿ ಡಿ1 ಪಡೆದವರು ಹೆಚ್ಚುಕಡಿಮೆ ಎಲ್ಲರೂ 1979ರಲ್ಲೋ ಅದಕ್ಕೂ ಮೊದಲೋ ಹುಟ್ಟಿದವರು. ಎಪ್ಪತ್ತು ತುಂಬಿದಾಗ ಅದನ್ನು ಉಳಿಸಿಕೊಳ್ಳಲು ವೈದ್ಯಕೀಯ ತಪಾಸಣೆ ಆಗಬೇಕು. ಅಂದರೆ ಸಮುದಾಯ ಸಾರಿಗೆ ನೆಚ್ಚಿಕೊಂಡಿರುವ ಸ್ವಯಂಸೇವಕರ ಕೆರೆಗೆ ಹೊಸ ನೀರು ಬರುತ್ತಿಲ್ಲ. ಪ್ರತಿ ವರ್ಷ ಒಂದಿಷ್ಟು ಇಂಗುತ್ತಿದೆ.

ಭಾರತದ ಲೈಸೆನ್ಸನ್ನು ಇಲ್ಲಿ ಬದಲಿಸಿಕೊಡುವುದಿಲ್ಲ. ಬಂದು ನೆಲೆಸಿದ ಮೇಲೆ ಹನ್ನೆರಡು ತಿಂಗಳು ಓಡಿಸಬಹುದು, ಆಮೇಲೆ ಇಲ್ಲಿಯ ಪರೀಕ್ಷೆ ಕೊಡಲೇಬೇಕು. ಸಾಫ್ಟ್‌ವೇರ್ ಅಲೆಯಲ್ಲಿ ತೇಲಿ ಬಂದ ನಮ್ಮಲ್ಲಿ ಬಹುಪಾಲು ಮಂದಿ ಆ ಪರೀಕ್ಷೆ ಕೊಟ್ಟದ್ದು 1997ರ ನಂತರವೇ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ವಯಸ್ಸು 21 ದಾಟಿ 70ರೊಳಗಿದ್ದು, ಎರಡು ವರ್ಷದಿಂದ ಪೂರ್ಣ ಲೈಸೆನ್ಸ್ ಇದ್ದು, ಪ್ರತಿಫಲವಿಲ್ಲದೆ, ವಾಣಿಜ್ಯೇತರ ಸಂಸ್ಥೆಗಾಗಿ, ಸಮಾಜಸೇವೆಯ ಉದ್ದೇಶಕ್ಕೆ ಓಡಿಸುವುದಾದರೆ ಕಾರಿನ ಲೈಸೆನ್ಸಿನ ಮೇಲೆಯೇ ಮಿನಿಬಸ್ಸು ಓಡಿಸಬಹುದು. ಅದರ ಗರಿಷ್ಠ ತೂಕ 3.5 ಟನ್. ಅಂಗವಿಕಲರಿಗಾಗಿ ಲಿಫ್ಟ್ ಮೊದಲಾದ ಸಲಕರಣೆ ಇದ್ದರೆ 4.25 ಟನ್. ಹಿಂದೆ ಟ್ರೈಲರ್ ಕಟ್ಟುವಂತಿಲ್ಲ. ಹೀಗಾಗಿ ಗಾಡಿ ಕೊಳ್ಳುವ ಸಂಸ್ಥೆಗಳು ಇಂದು ಮೊದಲು ನೋಡುವುದು ಅದರ ತೂಕ. ಒಂದು ಸೀಟು ಹೆಚ್ಚಿಗೆ ಇಟ್ಟು ಅದನ್ನು ಓಡಿಸಬಲ್ಲ ಡ್ರೈವರನ್ನು ಕಳೆದುಕೊಂಡರೆ ಏನು ಬಂತು?

ಮಿನಿಬಸ್ಸು ಬೇಡವೆನ್ನುವವರಿಗೆ ಸ್ವಂತ ಕಾರಿನ ಯೋಜನೆಗಳಿವೆ. ನಿಮ್ಮ ಕಾರಿನಲ್ಲಿ ಒಬ್ಬ ಹಿರಿಯರನ್ನು ವೈದ್ಯರ ಬಳಿ ಕರೆದೊಯ್ದು, ಕಾದಿದ್ದು, ವಾಪಸು ತಂದು ಬಿಡುವುದು. ಪೆಟ್ರೋಲು ಮತ್ತು ಗಾಡಿಯ ಸವೆತಕ್ಕೆಂದು ಮೈಲಿಗಿಷ್ಟು ಹಣ ಕೊಡುತ್ತಾರೆ. ಲಾಭ ಮಾಡಿಕೊಳ್ಳುವಂತಿಲ್ಲ. ಗಾಡಿ, ಕಟ್ಟಡ, ಕಚೇರಿ ಯಾವುದೂ ಇಲ್ಲದೆ ಒಂದು ಹಳ್ಳಿ ಸಾರಿಗೆ ಶುರು ಮಾಡಬೇಕೆಂದರೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಕಂಪ್ಯೂಟರಿಗೂ ತಲೆನೋವಿನ ಲೆಕ್ಕ

ನಮ್ಮ ಕಸುಬಿನವರು ಇದನ್ನು ಕೇಳಿದ ಕೂಡಲೇ 'ಒಂದು ಆ್ಯಪ್ ಮಾಡಿದರಾಯಿತಪ್ಪ' ಎನ್ನುತ್ತಾರೆ. ಇರಲಿ, ಆ ಲೆಕ್ಕವನ್ನೂ ನೋಡೋಣ.

ಗಣಕ ವಿಜ್ಞಾನದಲ್ಲಿ ಇದರ ಹಿರಿಯಜ್ಜ 1959ರಲ್ಲಿ ಹುಟ್ಟಿದ್ದು. ಜಾರ್ಜ್ ಡಾಂಟ್ಜಿಗ್ ಮತ್ತು ಜಾನ್ ರಾಮ್ಸರ್ ಎಂಬಿಬ್ಬರು, ಪೆಟ್ರೋಲ್ ಬಂಕುಗಳಿಗೆ ಲಾರಿಗಳು ಇಂಧನ ಹಂಚುವಾಗ ಒಟ್ಟು ದೂರ ಅತಿ ಕಡಿಮೆಯಾಗುವಂತೆ ದಾರಿ ಹುಡುಕುವ ಸಮಸ್ಯೆಯನ್ನು ಮಂಡಿಸಿದರು. ಮನುಷ್ಯರನ್ನು ಒಯ್ಯುವಾಗ ಅದು ಇನ್ನಷ್ಟು ಕಗ್ಗಂಟಾಗುತ್ತದೆ. ಪ್ರತಿಯೊಬ್ಬರಿಗೂ ಹತ್ತುವ ಜಾಗ ಒಂದು, ಇಳಿಯುವ ಜಾಗ ಇನ್ನೊಂದು. ಇಳಿಸುವ ಮೊದಲು ಹತ್ತಿಸಿರಲೇಬೇಕು. ಇಷ್ಟೇ ನಿಯಮವಿಟ್ಟುಕೊಂಡು ಒಂದು ಗಾಡಿಗೆ ಇಬ್ಬರು ಪ್ರಯಾಣಿಕರಿದ್ದರೆ ಸಾಧ್ಯವಿರುವ ಕ್ರಮಗಳು 6. ಮೂವರಾದರೆ 90. ಐವರಾದರೆ 1,13,400. ಹತ್ತು ಮಂದಿಯಾದರೆ ಸುಮಾರು 2,376 ಲಕ್ಷ ಕೋಟಿ! ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ ನೋಡುವುದು ಆಗದ ಮಾತು. ಆದ್ದರಿಂದ ತಂತ್ರಾಂಶಗಳು ಚತುರ ಅಂದಾಜಿನಲ್ಲಿ ನಡೆಯುತ್ತವೆ. ಈಗಿರುವ ಪಟ್ಟಿಯಲ್ಲಿ ಹೊಸಬರನ್ನು ಎಲ್ಲಿ ತೂರಿಸಿದರೆ ಉಳಿದವರಿಗೆ ಕೊಟ್ಟ ಮಾತು ಮುರಿಯದೆ ಕಡಿಮೆ ಸುತ್ತಾಗುತ್ತದೋ ಅಲ್ಲಿ ತೂರಿಸುತ್ತವೆ. ಮದುವೆ ಊಟದ ಪಂಕ್ತಿಯಲ್ಲಿ ತಡವಾಗಿ ಬಂದ ನೆಂಟರಿಗೆ ಎಲೆ ಹಾಕಿಸಿದ ಹಾಗೆ.

ಈ ಕೆಲಸವನ್ನು ಯಂತ್ರ ನಮಗಿಂತ ಚೆನ್ನಾಗಿ ಮಾಡುತ್ತದೆ, ಅನುಮಾನವಿಲ್ಲ. 2001ರಲ್ಲಿ ಲಿಂಕನ್‌ಶೈರ್‌ನಲ್ಲಿ ಶುರುವಾದ 'ಕಾಲ್‌ಕನೆಕ್ಟ್' ಮುಖ್ಯ ರಸ್ತೆಯಲ್ಲಿ ವೇಳೆಗೆ ಸರಿಯಾಗಿ ಓಡುವ ಬಸ್ಸುಗಳಿಗೆ, ಸುತ್ತಲ ಹಳ್ಳಿಗಳಿಂದ ಬುಕ್ ಮಾಡಿದವರನ್ನು ತಂದು ಸೇರಿಸುವ ಸಣ್ಣ ಬಸ್ಸುಗಳನ್ನು ಜೋಡಿಸಿತು. ಅಂಥ ಹೊಂದಾಣಿಕೆಯನ್ನು ಕಾಗದದ ಮೇಲೆ ದಿನವೂ ಮಾಡುವುದು ಕಷ್ಟ.

ಯಂತ್ರಕ್ಕೆ ತಿಳಿಯದ ಸಂಗತಿಗಳೂ ಇವೆ. ಅದರ ಲೆಕ್ಕದಲ್ಲಿ ಹತ್ತಲು ಎರಡು ನಿಮಿಷ. ನಿಜದಲ್ಲಿ ಕನ್ನಡಕ ಹುಡುಕಬೇಕು, ಬೆಕ್ಕನ್ನು ಹೊರಗೆ ಬಿಡಬೇಕು, ಒಲೆ ಆರಿಸಿದ್ದೇನೆಯೇ ಎಂದು ಮತ್ತೊಮ್ಮೆ ನೋಡಿ ಬರಬೇಕು. ಎಲ್ಲಕ್ಕಿಂತ ದೊಡ್ಡ ಸಂಗತಿ ವಾಪಸಿನ ವೇಳೆ. ಆಸ್ಪತ್ರೆಗೆ ಹೋಗುವ ಹೊತ್ತು ಗೊತ್ತು. ಅಲ್ಲಿಂದ ಬಿಡುಗಡೆಯಾಗುವ ಹೊತ್ತು ಡಾಕ್ಟರಿಗೂ ಗೊತ್ತಿರುವುದಿಲ್ಲ. ತಂತ್ರಾಂಶದಲ್ಲಿ ವಾಪಸಿಗೆ 12 ಗಂಟೆ ಎಂದು ಬರೆದು, ಪರೀಕ್ಷೆ 12 ಗಂಟೆ 20 ನಿಮಿಷಕ್ಕೆ ಮುಗಿದರೆ, ಗಾಡಿ ಹೊರಟು ಹೋಗಿರುತ್ತದೆ. ಲೆಕ್ಕದ ಪ್ರಕಾರ ಎಲ್ಲ ಸರಿ. ಅಜ್ಜಿ ಮಾತ್ರ ಆಸ್ಪತ್ರೆಯ ಬಾಗಿಲಲ್ಲಿ. ಒಮ್ಮೆ ಹಾಗೆ ನಿಂತವರು ಮತ್ತೆ ಬುಕ್ ಮಾಡುವುದಿಲ್ಲ. ಬುಕ್ ಮಾಡದವರು ಯಾವ ಅಂಕಿಅಂಶದಲ್ಲೂ ಕಾಣಿಸುವುದಿಲ್ಲ.

ಇದಕ್ಕೆ ಚೆನ್ನಾಗಿ ನಡೆಯುವ ಸಂಸ್ಥೆಗಳು ಕಂಡುಕೊಂಡ ಉಪಾಯಗಳು ಸರಳ. ವಾಪಸಿಗೆ ವೇಳೆ ಬರೆಯದೆ 'ಮುಗಿದಾಗ ಫೋನ್ ಮಾಡಿ' ಎಂದು ಖಾಲಿ ಬಿಡುವುದು, ಅದಕ್ಕಾಗಿ ಒಂದು ಗಾಡಿಯನ್ನು ಮಧ್ಯಾಹ್ನ ಪೂರ್ತಿ ತುಂಬಿಸದೆ ಇಡುವುದು. ಪೇಟೆಯ ಕ್ಲಿನಿಕ್ಕಿಗೆ ಫೋನ್ ಮಾಡಿ, ಒಂದೇ ಕಣಿವೆಯ ನಾಲ್ವರಿಗೆ ಮಂಗಳವಾರ ಬೆಳಗ್ಗೆಯೇ ಒಟ್ಟಿಗೆ ವೇಳೆ ಕೊಡಲು ಸಾಧ್ಯವೇ ಎಂದು ಕೇಳುವುದು. ಕಂಪ್ಯೂಟರು ನಾಲ್ಕು ದಿನದ ನಾಲ್ಕು ಪ್ರಯಾಣಗಳನ್ನು ಎಷ್ಟೇ ಚೆನ್ನಾಗಿ ಜೋಡಿಸಿದರೂ ಅವು ನಾಲ್ಕು ಪ್ರಯಾಣಗಳೇ. ಕ್ಲಿನಿಕ್ಕಿನ ಸ್ವಾಗತಕಾರಿಣಿ ಮನಸ್ಸು ಮಾಡಿದರೆ ಒಂದೇ ಪ್ರಯಾಣ. ನಾವು ಓದಿದ ಎಂಎಸ್ ಪದವಿಯಲ್ಲಿ ಈ ಉಪಾಯ ಹೇಳಿಕೊಟ್ಟಿರಲಿಲ್ಲ!

ತಲೆಯೆಣಿಕೆಯ ಲೆಕ್ಕ

ಇನ್ನು ಹಣ. ಸಾರಿಗೆಗೆ ಹಣ ಕೊಡುವವರು ಕೇಳುವ ಮೊದಲ ಪ್ರಶ್ನೆ, ಒಬ್ಬರ ಒಂದು ಪ್ರಯಾಣಕ್ಕೆ ಎಷ್ಟು ಖರ್ಚು ಬಿತ್ತು ಎಂಬುದು. ಮನೆಗಳು ಮೈಲಿಗೊಂದರಂತಿರುವ ಕಡೆ ಆರು ಜನರನ್ನು ಕೂಡಿಸಲು ಗಾಡಿ ನಲವತ್ತು ಮೈಲಿ ಸುತ್ತಬೇಕು. ಭಾಗಾಕಾರ ಮಾಡಿದರೆ ಉತ್ತರ ಎಂದೂ ದೊಡ್ಡದೇ. ಪೇಟೆಯ ಬಸ್ಸಿನ ಪಕ್ಕದಲ್ಲಿಟ್ಟು ನೋಡಿದರೆ ಇದು ದುಂದುವೆಚ್ಚದಂತೆ ಕಾಣುತ್ತದೆ.

ವೇಲ್ಸ್‌ನ 'ಬುಕಾಬಸ್' ಇದಕ್ಕೆ ತಕ್ಕ ಉದಾಹರಣೆ. 2009ರಲ್ಲಿ ಕಾರ್ಮಾರ್ಥನ್‌ಶೈರ್ ಭಾಗದಲ್ಲಿ ಆರಂಭವಾಗಿ, ಫೋನಿನಲ್ಲಿ ಬುಕ್ ಮಾಡಿದವರ ಹಳ್ಳಿಗೆ ಹೋಗಿ ಕರೆತರುತ್ತಿದ್ದ ಈ ಸೇವೆ ಐರೋಪ್ಯ ಒಕ್ಕೂಟದ ಗ್ರಾಮೀಣ ನಿಧಿಯ ನೆರವಿನಿಂದ ಬೆಳೆಯಿತು. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೆ ಆ ನಿಧಿ ತಪ್ಪಿತು, ಬದಲಿ ಹಣ ಸಿಗಲಿಲ್ಲ. 2023ರ ಅಕ್ಟೋಬರ್ ಕೊನೆಗೆ ಬಸ್ಸು ನಿಂತಿತು. ಹದಿನಾಲ್ಕು ವರ್ಷ ನಡೆದು, ಜನ ಅದನ್ನು ನಂಬಿ ಬದುಕು ಹೊಂದಿಸಿಕೊಂಡ ಮೇಲೆ ನಿಂತಿತು.

ಬೇರೆ ಬಗೆಯ ಲೆಕ್ಕವೂ ಇದೆ. ತಪ್ಪಿಹೋದ ಒಂದು ಆಸ್ಪತ್ರೆ ಭೇಟಿಯ ಬೆಲೆ ಎಷ್ಟು? ಕಾಲ ಮೀರಿ ಪತ್ತೆಯಾದ ಗ್ಲಾಕೋಮದ ಬೆಲೆ? ಅಂಗಡಿಗೆ ಹೋಗಲಾಗದೆ ಸ್ವಂತ ಮನೆ ಮಾರಿ ವೃದ್ಧಾಶ್ರಮ ಸೇರಬೇಕಾದವರ ಬೆಲೆ? ಈ ಖರ್ಚುಗಳು ಬೀಳುವುದು ಆಸ್ಪತ್ರೆಯ ಪುಸ್ತಕದಲ್ಲಿ, ಸಮಾಜ ಕಲ್ಯಾಣದ ಪುಸ್ತಕದಲ್ಲಿ. ಉಳಿತಾಯ ಒಬ್ಬರ ಪುಸ್ತಕದಲ್ಲಿ, ಖರ್ಚು ಇನ್ನೊಬ್ಬರ ಪುಸ್ತಕದಲ್ಲಿ. ಎರಡನ್ನೂ ಒಂದೇ ಮೇಜಿನ ಮೇಲೆ ಇಡುವವರು ಕಡಿಮೆ.

ಜರ್ಮನಿಯಿಂದ ಕೊಪ್ಪದವರೆಗೆ

ಇದು ಬ್ರಿಟನ್ನಿನ ಸಮಸ್ಯೆ ಮಾತ್ರವಲ್ಲ. ನೆದರ್‌ಲೆಂಡ್ಸ್‌ನಲ್ಲಿ 1977ರಲ್ಲಿ ಸ್ವಯಂಸೇವಕರು ಓಡಿಸುವ 'ಬ್ಯೂರ್ಟ್‌ಬಸ್', ಅಂದರೆ ನೆರೆಹೊರೆಯ ಬಸ್ಸು, ಶುರುವಾಯಿತು. ಅದನ್ನು ನೋಡಿ ಜರ್ಮನಿಯ ಹೀಕ್ ಮತ್ತು ಲೆಗ್ಡೆನ್ ಊರುಗಳ ನಡುವೆ 1985ರಲ್ಲಿ ಆ ದೇಶದ ಮೊದಲ 'ಬ್ಯುರ್ಗರ್‌ಬಸ್', ನಾಗರಿಕರ ಬಸ್ಸು, ಓಡಿತು. ಅವರು ಒಂದು ಜಾಣ ಕೆಲಸ ಮಾಡಿದರು. ಗಾಡಿಯನ್ನು ಎಂಟು ಪ್ರಯಾಣಿಕರಿಗೆ ಸೀಮಿತಗೊಳಿಸಿದರು. ಹಾಗಾಗಿ ಕಾರಿನ ಲೈಸೆನ್ಸ್ ಇದ್ದವರು, ಪ್ರಯಾಣಿಕರನ್ನು ಒಯ್ಯಲು ಬೇಕಾದ ವೈದ್ಯಕೀಯ ತಪಾಸಣೆ ಇತ್ಯಾದಿ ಮುಗಿಸಿಕೊಂಡು ಓಡಿಸಬಹುದು. ನಮ್ಮ ಡಿ1 ತೊಡಕು ಅವರಿಗಿಲ್ಲ. ಬಸ್ ಕಂಪನಿ ಪರವಾನಗಿ ಮತ್ತು ದುರಸ್ತಿ ನೋಡಿಕೊಳ್ಳುತ್ತದೆ, ಊರಿನ ಸಂಘ ಡ್ರೈವರುಗಳನ್ನು ಹೊಂದಿಸುತ್ತದೆ.

ಇನ್ನು ನಮ್ಮ ನೆಲದ್ದೇ ಒಂದು ಪ್ರಯೋಗವನ್ನು ನೆನೆಯದಿದ್ದರೆ ತಪ್ಪಾದೀತು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಖಾಸಗಿ ಬಸ್ ಕಂಪನಿಯೊಂದು ಮುಚ್ಚಿದಾಗ, ಅದರ ಕಾರ್ಮಿಕರೇ ಸೇರಿ 1991ರಲ್ಲಿ 'ಸಹಕಾರ ಸಾರಿಗೆ' ಕಟ್ಟಿದರು. ಡ್ರೈವರೂ ಒಡೆಯ, ಕಂಡಕ್ಟರೂ ಒಡೆಯ. ಮಲೆನಾಡಿನ ತಿರುವು ರಸ್ತೆಗಳಲ್ಲಿ ಸುಮಾರು ಮೂರು ದಶಕ ಓಡಿ, ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ಅದು ನಿಂತಿತು. ಅದು ಸ್ವಯಂಸೇವಕರ ಸಂಸ್ಥೆಯಲ್ಲ, ದುಡಿಯುವವರ ಸಹಕಾರ ಸಂಘ, ನಿಜ. ಆದರೆ ವೇಲ್ಸ್‌ನ ಬುಕಾಬಸ್ಸಿನ ಕಥೆಯ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಮಾತು ಹೇಳುತ್ತವೆ. ಜನರ ಒಳ್ಳೆಯ ಮನಸ್ಸಿನಿಂದ ಬಸ್ಸು ಶುರುವಾಗಬಹುದು. ವರ್ಷ ವರ್ಷವೂ ಓಡಲು ಅದರ ಹಿಂದೆ ಖಾಯಂ ಆದ ಸಾರ್ವಜನಿಕ ಹಣ ಬೇಕು.

ನಾವೇನು ಮಾಡಬಹುದು?

ಹೊಸದಾಗಿ ಶುರು ಮಾಡುವವರಿಗೆ ಅನುಭವಿಗಳು ಹೇಳುವ ಕ್ರಮ ಹೀಗೆ. ಮೊದಲು ಗಾಡಿ ಕೊಳ್ಳಬೇಡಿ. ಮನೆ ಮನೆಗೆ ಹೋಗಿ ಕೇಳಿ. ಕೇಳುವಾಗ 'ಬಸ್ಸು ಬೇಕೇ' ಎನ್ನಬೇಡಿ, ಎಲ್ಲರೂ ಹೌದೆನ್ನುತ್ತಾರೆ. 'ಕಳೆದ ತಿಂಗಳು ಎಲ್ಲಿಗೆ ಹೋಗಬೇಕೆಂದಿದ್ದು ಹೋಗಲಾಗಲಿಲ್ಲ' ಎಂದು ಕೇಳಿ. ಆ ಉತ್ತರಗಳಿಂದಲೇ ದಾರಿಯ ನಕ್ಷೆ ಹುಟ್ಟುತ್ತದೆ. ಎರಡನೆಯದಾಗಿ ಸ್ವಂತ ಕಾರುಗಳ ಯೋಜನೆಯಿಂದ ಆರಂಭಿಸಿ. ಮೂರನೆಯದಾಗಿ, ಮನುಷ್ಯರು ಎತ್ತುವ ಒಂದು ಫೋನ್ ಇಡಿ. ಗಾಡಿ ಬರುವುದು ಇದೆಲ್ಲ ಆದ ಮೇಲೆ.

ನಮ್ಮ ಬಳಗಕ್ಕೂ ಇದು ದೂರದ ಮಾತಲ್ಲ. ದಶಕಗಳ ಹಿಂದೆ ವೈದ್ಯರಾಗಿ ಬಂದು, ದೊಡ್ಡ ನಗರಗಳನ್ನು ಬಿಟ್ಟು ಚಿಕ್ಕ ಚಿಕ್ಕ ಪೇಟೆಗಳಲ್ಲಿ, ಹಳ್ಳಿಯಂಚಿನಲ್ಲಿ ಮನೆ ಮಾಡಿದ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ. ಮಕ್ಕಳು ದೂರದ ಊರುಗಳಲ್ಲಿ. ಈಚೆಗೆ ಕೆಲವರು ಯುಗಾದಿಗೂ ರಾಜ್ಯೋತ್ಸವಕ್ಕೂ ಬರುತ್ತಿಲ್ಲ. ವಿಚಾರಿಸಿದರೆ ಆರೋಗ್ಯ ಸರಿಯಿಲ್ಲ ಎನ್ನುತ್ತಾರೆ. ಇನ್ನೂ ಸ್ವಲ್ಪ ಮಾತಾಡಿಸಿದರೆ, ರಾತ್ರಿ ಕಾರು ಓಡಿಸುವುದನ್ನು ಬಿಟ್ಟಿದ್ದೇವೆ ಎನ್ನುತ್ತಾರೆ. ಅಂದರೆ ಬರಲು ಆಗದೆ ಅಲ್ಲ, ವಾಪಸು ಹೋಗಲು ಆಗದೆ.

ಆದ್ದರಿಂದ ನಮ್ಮದು ಎರಡು ಸಣ್ಣ ಕೋರಿಕೆ. ಈ ಮಿಂಚಂಚೆ ಓದಿ ಮುಗಿಸಿದ ಮೇಲೆ ನಿಮ್ಮ ಲೈಸೆನ್ಸ್ ಕಾರ್ಡನ್ನು ತಿರುಗಿಸಿ ಹಿಂಬದಿ ನೋಡಿ. ಡಿ1 ಇದ್ದರೆ, ನಿಮ್ಮ ಸುತ್ತಿನ ಸಮುದಾಯ ಸಾರಿಗೆಯವರು ನಿಮ್ಮನ್ನೇ ಹುಡುಕುತ್ತಿದ್ದಾರೆ. ಇಲ್ಲದಿದ್ದರೂ ಚಿಂತೆಯಿಲ್ಲ, ಮೇಲೆ ಹೇಳಿದ ನಿಯಮದಡಿ ಸಣ್ಣ ಗಾಡಿಗೂ, ನಿಮ್ಮದೇ ಕಾರಿಗೂ ಕೆಲಸವುಂಟು. ಎರಡನೆಯದು, ಮುಂದಿನ ಸಾಹಿತ್ಯ ಕೂಟದ ಆಹ್ವಾನ ಕಳಿಸುವಾಗ ಜಾಗ ಮತ್ತು ವೇಳೆಯ ಕೆಳಗೆ ಇನ್ನೊಂದು ಸಾಲು ಸೇರಿಸೋಣ: ಮನೆಯಿಂದ ಕರೆತಂದು ಮತ್ತೆ ಮನೆ ಬಾಗಿಲ ತನಕ ಬಿಟ್ಟುಬರುತ್ತೇವೆ, ಯಾರಿಗೆ ಬೇಕೋ ತಿಳಿಸಿ. ಹೆಸರು ಬರೆದುಕೊಳ್ಳುವ ಕೆಲಸ ನಮಗಿರಲಿ.